ನಾಲ್ಕು ಬೆರಳಿನ ಪಾದೆ

ಜೂನ್ 9, ಸೋಮವಾರ, 2025

ಇವತ್ತಿನಿಂದ ಇನ್ನೊಂದು ಕಡಲು ಶುರು. ನನ್ನ ಕೈಯಲ್ಲಿ ಇದು ಹತ್ತೊಂಬತ್ತನೆಯದು.

ಹೊಸ ವಹಿ. ಊರಲ್ಲಿ ಹೋರಾಟ ಮಾಡುತ್ತಿದ್ದಾಗ ಸಂಘಟನೆಯಲ್ಲಿ ಕಲಿಸಿದ್ದು ಇಷ್ಟು: ವಹಿಯ ಮೊದಲ ಹಾಳೆಯಲ್ಲಿ ಯಾರು, ಎಲ್ಲಿ, ಏನು ಕೆಲಸ ಅಂತ ಬರೆದಿಡು, ನಾಳೆ ಪೊಲೀಸಿನವನು ಎತ್ತಿಕೊಂಡು ಹೋದರೂ ಓದಿದವನಿಗೆ ತಿಳಿಯಬೇಕು. ಈಗ ಪೊಲೀಸರಿಗೂ ನಾನು ಬೇಡ. ಚಟ ಮಾತ್ರ ಉಳಿದಿದೆ. ನಾನು ಅಂಬಾದಾಸ, ಸುರಪುರ ಕಡೆಯವನು, ಐವತ್ಮೂರು ವರ್ಷ, ಮಿಸ್ತ್ರಿ. ಪುಣೆಯಿಂದ ಭೋರ್‌ಗೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡಕ್ಕೆ, ದೊಡ್ಡದೊಂದು ಪತ್ರಾ ಶೆಡ್. ಅದರೊಳಗೆ ಕಡಲು ಕಟ್ಟುವುದು ನಮ್ಮ ಕೆಲಸ. ಸಿಮೆಂಟಿನ ತಳ, ಮೇಲೆ ಮೊಣಕಾಲುದ್ದ ನೀರು, ಒಂದು ಬದಿಗೆ ಅಲೆ ಎಬ್ಬಿಸುವ ಮಷೀನು, ಇನ್ನೊಂದು ಬದಿಗೆ ದಂಡೆ, ದಂಡೆಯ ಮೇಲೆ ಬೆಂಕಿಪೊಟ್ಟಣದ ಗಾತ್ರದ ಕಟ್ಟಿಗೆಯ ಮನೆಗಳು. ಅಲೆ ಬಿಟ್ಟು ಯಾವ ಮನೆ ತೊಯ್ಯುತ್ತದೆ ನೋಡುತ್ತಾರೆ. ಅದನ್ನು ನೋಡಿ ಆಮೇಲೆ ನಿಜವಾದ ಊರು ಕಟ್ಟುತ್ತಾರೆ. ಇಲ್ಲಿ ದುಡಿಯುವ ಹದಿನಾಲ್ಕು ಮಂದಿಯಲ್ಲಿ ಕಡಲನ್ನು ಕಣ್ಣಿಂದ ಕಂಡವರು ಒಬ್ಬರೂ ಇಲ್ಲ. ನಾನೂ ಸೇರಿ.

ಈ ಸಲದ್ದು ನಮ್ಮ ರಾಜ್ಯದ ಕರಾವಳಿ. ತೆಂಕಕೋಡಿ ಅಂತ ಮೀನುಗಾರರ ಊರು, ಅರವತ್ತೆರಡು ಮನೆ. ಕಡಲು ಏರುತ್ತಿದೆ, ದಂಡೆ ತಿನ್ನುತ್ತಿದೆ. ಪುಣೆಯ ವಿಮಾನ ನಗರದ ಆಫೀಸಿನವರು ಎಸಿ ಕಾರಿನಲ್ಲಿ ಬಂದು ಬೋರ್ಡು ಕೊಟ್ಟು ಹೋದರು: ‘ತಾಳಿಕೊಳ್ಳುವ ಕರಾವಳಿ ಸಮುದಾಯ’. ತಾಳಿಕೊಳ್ಳುವುದನ್ನು ಇವರು ಜನಕ್ಕೆ ಹೇಳಿಕೊಡುತ್ತಾರಂತೆ. ಸಾವಿರ ವರ್ಷ ತಾಳಿಕೊಂಡ ಕೇರಿಯವನ ಕೈಯಲ್ಲಿ ಬೋರ್ಡಿಗೆ ಗುಂಡಿ ತೋಡಿಸಿದರು. ತೋಡಿದೆ. ಬೋರ್ಡನ್ನು ತುಸು ವಾರೆ ನಿಲ್ಲಿಸಿದೆ.

ಜೂನ್ 12, ಗುರುವಾರ

ತಗಡು ಬಂದವು. ಮೂವತ್ತೊಂದು. ಕಡಲ ತಳದ ಏರಿಳಿತವನ್ನು ಕಂಪ್ಯೂಟರಿನಲ್ಲಿ ಗೆರೆ ಎಳೆದು, ಆ ಗೆರೆಯಂತೆ ತಗಡು ಕತ್ತರಿಸಿ ಕಳಿಸುತ್ತಾರೆ. ನಾವು ಅವನ್ನು ಸಾಲಾಗಿ ನಿಲ್ಲಿಸಿ, ನಡುವೆ ಮರಳು ತುಂಬಿ, ಮೇಲೆ ಸಿಮೆಂಟು ಎಳೆದು, ತಗಡಿನ ಅಂಚಿಗೆ ಸರಿಯಾಗಿ ತಳ ಮಾಡಬೇಕು. ಅರವತ್ತು ಅಡಿ ಕಡಲು ಇಲ್ಲಿ ಒಂದು ಅಡಿ.

ಹದಿನೇಳು, ಹದಿನೆಂಟು ನಂಬರಿನ ತಗಡು ನೋಡಿ ನಗು ಬಂತು. ಉಳಿದವೆಲ್ಲ ಅಂಗಳದ ಇಳಿಜಾರಿನಂತೆ ಚಂದ ಇಳಿದು ಹೋಗಿವೆ. ಇವೆರಡರ ಅಂಚಿನಲ್ಲಿ ಮಾತ್ರ, ನಟ್ಟ ನಡುವೆ, ಒಂದೊಂದು ಗುಬುಟು, ನಾಲ್ಕು ಬೆರಳು ಎತ್ತರ, ಲಾಠಿ ಬಿದ್ದ ತಲೆ ಬಾತಂತೆ. ಕತ್ತರಿಸಿದವನು ಮೊಬೈಲ್ ನೋಡುತ್ತ ಕತ್ತರಿಸಿದ್ದಾನೆ. ಅದನ್ನು ಪಾಸು ಮಾಡಿದ ಇಂಜಿನಿಯರು ಇನ್ನೊಂದು ಮೊಬೈಲ್ ನೋಡುತ್ತಿದ್ದ. ಕೇಳೋಣ ಅಂದರೆ ಆಫೀಸಿಗೆ ಫೋನು ಮಾಡಬೇಕು, ಎತ್ತಿದವನು ‘ಡ್ರಾಯಿಂಗ್ ಫಾಲೋ ಕರೋ’ ಅಂತಾನೆ, ಮೂವತ್ತು ವರ್ಷ ಥಾಪಿ ಹಿಡಿದವನಿಗೆ. ಕತ್ತರಿ ತಗೊಂಡು ಎರಡೂ ಗುಬುಟು ನಾನೇ ಹಾರಿಸಿದೆ. ಸಿಮೆಂಟು ಎಳೆಯುವವಳು ಮರೆಮ್ಮ, ನಮ್ಮ ಕಡೆಯವಳೇ. ಆಕೆಗೆ ಹೇಳಿದೆ, ‘ಇಲ್ಲಿ ನುಣ್ಣಗ ಎಳಿ. ಮಿಸ್ತ್ರಿ ಕೆಲಸ ಒರಟು ಅಂತ ಯಾವನೂ ಅನ್ನಬಾರದು.’ ಆಕೆ ಕನ್ನಡಿ ಮಾಡಿಟ್ಟಳು. ಕೆಲಸಗಾತಿ. ತಲೆ ಎತ್ತಿ ಒಂದು ಪ್ರಶ್ನೆ ಕೇಳಿದವಳಲ್ಲ. ಇಂಥ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಎಂಥ ಕ್ರಾಂತಿ ಮಾಡುತ್ತೀರಿ ಅಂತ ನಮ್ಮ ಹಳೆಯ ಮುಖಂಡರನ್ನು ಕೇಳಬೇಕು. ಅವರು ಈಗ ನಿಗಮ ಮಂಡಳಿಯಲ್ಲಿದ್ದಾರೆ.

ಬಿದ್ದ ತಗಡಿನ ಚೂರೊಂದನ್ನು ಮರೆಮ್ಮ ಎತ್ತಿಕೊಂಡಳು. ಅರ್ಧ ರೊಟ್ಟಿಯ ಆಕಾರ. ‘ರೊಟ್ಟಿ ಹೆಂಚು ಕೆರಿಯಾಕ ಬರ್ತದಣ್ಣ.’

ಜೂನ್ 15, ಭಾನುವಾರ

ಕಾತ್ರಜದಲ್ಲಿ ದೇವದಾಸ್ ಸಿಕ್ಕ. ಹೈವೇ ಪಕ್ಕ ಮೀನೂಟದ ಹೋಟೆಲಿನ ಮಾಲೀಕ. ನನ್ನನ್ನು ನೋಡಿ ‘ಓ ಕನ್ನಡದವ್ರು’ ಅಂದ. ಇಪ್ಪತ್ತೊಂದು ವರ್ಷದ ಹಿಂದೆ, ಪುಣೆಗೆ ಬಂದ ಮೊದಲ ವಾರ, ಕನ್ನಡದ ಬೋರ್ಡು ನೋಡಿ ಹಿಗ್ಗಿ ಒಳಗೆ ಹೋದವನು ನಾನು. ಅಂಗಿ ಮೇಲೆ ಸಿಮೆಂಟಿತ್ತು. ಇವನು ಓಡಿ ಬಂದು ಕುರ್ಚಿಯ ಮೇಲೆ ಪೇಪರು ಹಾಸಿ, ‘ಈಗ ಕೂತ್ಕೊಳ್ಳಿ’ ಅಂದ. ಬೈದಿದ್ದರೆ ಮರೆತುಬಿಡುತ್ತಿದ್ದೆ. ಆ ದಿನದ ಪೇಪರಿನ ತಲೆಬರಹ ಈಗಲೂ ನೆನಪಿದೆ. ನನಗೇನೂ ನೆನಪಿಲ್ಲ ಅನ್ನೋ ಹಾಗೆ ಮುಖ ಮಾಡಿದೆ. ಅವನಿಗೆ ನಿಜವಾಗಿಯೂ ನೆನಪಿಲ್ಲ.

‘ನೀವು ಮಾಡ್ತಿರುದು ನಮ್ಮದೇ ಊರಂತೆ ಅಲ್ವಾ, ತೆಂಕಕೋಡಿ? ನನ್ನ ಅಕ್ಕ ಅಲ್ಲೇ ಇರುದು. ನೋಡ್ಲಿಕ್ಕೆ ಬರ್ತಾಳೆ.’

ಬರಲಿ. ಇವರ ಅಕ್ಕನಿಗೂ ಒಂದು ಪೇಪರು ಹಾಸೋಣ.

ಜೂನ್ 24, ಮಂಗಳವಾರ

ತಳ ಮುಗಿಯಿತು. ಲೆವೆಲ್ ನೋಡಲು ಪ್ರಾಚಿ ಬಂದಿದ್ದಳು. ಆಫೀಸಿನ ಇಂಜಿನಿಯರು, ಇಪ್ಪತ್ತೆಂಟರ ಹುಡುಗಿ, ಕೊಥ್ರೂಡಿನ ಉಳ್ಳವರ ಮನೆ, ಕಡಲಿನ ಮೇಲೆ ಎರಡು ಡಿಗ್ರಿ, ಪರದೇಶದಲ್ಲಿ ಓದಿದ್ದು. ಚಪ್ಪಲಿ ಕೈಯಲ್ಲಿ ಹಿಡಿದು ಬೆಕ್ಕಿನಂತೆ ಕಾಲಿಡುತ್ತಾಳೆ. ಒಂದನೇ ತಗಡಿನಿಂದ ಹದಿನಾರರ ತನಕ ಒಂದೊಂದನ್ನೂ ದುರ್ಬೀನಿಟ್ಟು ನೋಡಿದಳು. ಅಷ್ಟರಲ್ಲಿ ಮಳೆ ಜಡಿದು ಮಾಡಿನ ಪತ್ರಾದಿಂದ ನೀರು ಸೋರತೊಡಗಿತು, ದುರ್ಬೀನು ಮುಚ್ಚಿದಳು. ‘ಕಾಕಾ, ಪುಢಚಂ ತುಮಚಂ ಕಾಮ್ ಆಹೆ, ಬಘಾಯಚಂ ಕಾಯ್?’ ಮುಂದಿನದು ನಿಮ್ಮ ಕೈಕೆಲಸ, ನೋಡುವುದೇನಿದೆ ಅಂತ. ಮೂವತ್ತೊಂದರ ತನಕ ಸಹಿ ಹಾಕಿ ಹೋದಳು.

ಓದಿದವರ ನಂಬಿಕೆ ಹೀಗೇ. ಒಂದು ಮಳೆಯಷ್ಟು ಉದ್ದ.

ಜುಲೈ 3, ಗುರುವಾರ

ಪಾಸ್.

ಮೊದಲು ಇವತ್ತಿನ ಕಡಲು, ಆಮೇಲೆ ಬರುವ ಕಾಲದ ಕಡಲು. ಬರುವ ಕಾಲ ಅಂದರೆ ನಮ್ಮ ಶೆಡ್ಡಿನಲ್ಲಿ ಒಂದು ಬೆರಳು ಹೆಚ್ಚು ನೀರು, ಅಷ್ಟೇ. ಅಲೆ ಬಿಟ್ಟರು. ಮುಂದಿನ ಸಾಲಿನ ಮನೆಗಳ ಕಾಲಿಗೂ ನೀರು ತಾಕಲಿಲ್ಲ. ಆಫೀಸಿನ ದೊಡ್ಡವರು ಚಪ್ಪಾಳೆ ತಟ್ಟಿದರು. ಊರನ್ನು ಇದ್ದಲ್ಲೇ ಮರಳಿ ಕಟ್ಟಬಹುದು, ಎರಡಡಿ ಅಡಿಪಾಯ, ಮುಂದೆ ಗಿಡ್ಡ ಕಲ್ಲಿನ ದಿಬ್ಬ, ಸಾಕು. ಒಬ್ಬಾತ ಹೇಳಿದ, ಇದು ದೇಶಕ್ಕೇ ಮಾದರಿಯಂತೆ. ಗುತ್ತಿಗೆದಾರ ಮಹೇಶಕುಮಾರ, ನಮ್ಮ ಜಿಲ್ಲೆಯವನೇ, ಕಡಲ ಬದಿಗೆ ನಿಂತು ಹಾರ ಹಾಕಿಸಿಕೊಂಡ. ಲೋಣಾವಳಾ ಚಿಕ್ಕಿಯ ಡಬ್ಬಿ ಬಂತು. ಹದಿನಾಲ್ಕು ಮಂದಿಗೆ ಒಂದು.

ಜುಲೈ ಹದಿನೈದಕ್ಕೆ ರಿಪೋರ್ಟು ಹೋಗುತ್ತದೆ. ಅವತ್ತೇ ಮಾಡೆಲ್ ಒಡೆದು ಮುಂದಿನದಕ್ಕೆ ಜಾಗ ಮಾಡಬೇಕು. ಅದು ಯಾವುದೋ ಹಡಗು ಬಂದರಿನದಂತೆ. ಇಪ್ಪತ್ತನೆಯ ಕಡಲು.

ಜುಲೈ 8, ಮಂಗಳವಾರ

ದೇವದಾಸ್‌ನ ಅಕ್ಕ ಬಂದಳು. ಲೀಲಾಕ್ಷಿ. ಅರವತ್ತರ ಹತ್ತಿರ, ಮೀನು ಮಾರುವವಳು, ಊರಿನ ಹೆಂಗಸರ ಸಂಘಕ್ಕೆ ಅಧ್ಯಕ್ಷೆ. ಜನರನ್ನೂ ಕೇಳಿದ್ದೇವೆ ಅಂತ ರಿಪೋರ್ಟಿಗೆ ಒಂದು ಫೋಟೊ ಬೇಕಿತ್ತು, ಅದಕ್ಕೆ ಪ್ರಾಚಿ ಕರೆಸಿದ್ದು. ಆಕೆಯ ಮಾತನ್ನು ಮರಾಠಿಗೆ ತಿರುಗಿಸಲು ನಾನು. ಕನ್ನಡ ಅಂದರೆ ಎಲ್ಲ ಒಂದೇ ಅಂದುಕೊಂಡಿದ್ದಾಳೆ ಆ ಹುಡುಗಿ.

ಸಿಮೆಂಟು ಚೀಲದ ಮೇಲೆ ಪೇಪರು ಹಾಸಿ, ದೇವದಾಸನ ಮುಖವನ್ನೇ ನೋಡುತ್ತ, ‘ಈಗ ಕೂಡ್ರಿ’ ಅಂದೆ. ಇಪ್ಪತ್ತೊಂದು ವರ್ಷ ಕಾದ ಮಾತು. ಅವನಿಗೆ ಏನೂ ಹೊಳೆಯಲಿಲ್ಲ. ಆಕೆ ಪೇಪರು ಎತ್ತಿ, ಮಡಚಿ, ಬೀಸಿಕೊಳ್ಳುತ್ತ ಒಳ್ಳೆಯ ಸೀರೆಯಲ್ಲಿ ಚೀಲದ ಮೇಲೇ ಕೂತಳು.

‘ಕಡಲ ಬದಿಯ ಹೊಯ್ಗೆಯಲ್ಲಿ ಕೂತು ಬೆಳೆದವಳಿಗೆ ಸಿಮೆಂಟು ಕಚ್ಚುದಿಲ್ಲ ಮಾರಾಯ್ರೆ.’

ನನ್ನ ಮಾತು ಹಾಗೇ ಹಾಳಾಯಿತು.

ಆಮೇಲೆ ದಂಡೆಗೆ ಬಂದು ಬಗ್ಗಿ ನೋಡಿದಳು. ‘ಇದು ಐಸ್ ಪ್ಲಾಂಟು. ಅದರಿಂದ ಮೂರನೇದು ನಮ್ಮದು. ಇದರೊಳಗೆ ನಾನಿದ್ದೇನಾ?’ ಕಣ್ಣಿಟ್ಟು ನೋಡಿದಳು. ‘ಬಾಗಿಲು ಪಡುವಣಕ್ಕೆ ಇಟ್ಟಿದ್ದಾರೆ. ಗಾಳಿಗೆ ಒಲೆ ಆರಿ ಹೋಗ್ತದೆ ಅಂತ ಹೇಳಿ ಆ ಹುಡುಗಿಗೆ. ಅಡುಗೆ ಮಾಡ್ಲಿಕ್ಕುಂಟೋ ಇಲ್ವೋ ಅವಳಿಗೆ?’ ಮರೆಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಇದನ್ನು ಪ್ರಾಚಿಗೆ ಹೇಳಿದೆ. ಬರೆದುಕೊಂಡಳು.

ಅಲೆ ಬಿಟ್ಟೆವು. ಮಷೀನು ಹಚ್ಚಲು ನಾನೇ ನೀರಿಗಿಳಿದಿದ್ದೆ. ಲೀಲಾಕ್ಷಿ ಬಹಳ ಹೊತ್ತು ನೋಡಿದಳು. ಬೀಸಿಕೊಳ್ಳುವುದು ನಿಂತಿತ್ತು.

‘ಪಾದೆ ಎಲ್ಲುಂಟು?’

‘ಪಾದೆ ಅಂದ್ರ?’

‘ಬಂಡೆ. ನೀರಿನಡಿಯಲ್ಲಿ. ನಮ್ಮ ಮನೆಯ ಸೀದಾ ಎದುರಿಗೆ, ದೋಣಿಯಲ್ಲಿ ಒಂದು ಬೀಡಿ ಸೇದುವಷ್ಟು ದೂರ. ಗಂಡಸರು ಮುಳುಗಿ ಅದರಿಂದ ಚಿಪ್ಪು ಕೀಳ್ತಾರೆ. ಮಳೆಗಾಲದಲ್ಲಿ ತೆರೆ ಅಲ್ಲಿಗೆ ಬಂದು ಎರಡಾಗ್ತದೆ. ಆಚೆಯಿಂದ, ಈಚೆಯಿಂದ ಬಳಸಿ ಬಂದು ನಮ್ಮ ಅಂಗಳದಲ್ಲಿ ಪುನಃ ಒಂದಾಗ್ತದೆ. ಇಲ್ಲಿ ನೋಡಿದ್ರೆ ಶಾಲೆ ಮಕ್ಕಳು ಲೈನಲ್ಲಿ ಬಂದ ಹಾಗೆ ಬರ್ತಾ ಉಂಟು.’

ಪ್ರಾಚಿ ನನ್ನ ಕಡೆ ನೋಡಿದಳು. ಏನಂದರು ಅಂತ.

‘ಅಲ್ಲೆಲ್ಲೋ ಒಂದು ಕಲ್ಲಿದೆಯಂತೆ. ಮುದುಕರ ಮಾತು,’ ಅಂದೆ ಮರಾಠಿಯಲ್ಲಿ.

ಪ್ರಾಚಿ ನಕ್ಕು ಹೇಳಿದಳು, ಸರ್ವೇಯಲ್ಲಿ ಬಂದದ್ದೆಲ್ಲ ತಗಡಿನಲ್ಲಿದೆ, ತಗಡಿನಲ್ಲಿ ಇದ್ದದ್ದೆಲ್ಲ ಇಲ್ಲಿದೆ. ಅದನ್ನು ಲೀಲಾಕ್ಷಿಗೆ ಹೇಳಿದೆ. ಆಕೆ ‘ಹೌದಾ’ ಅಂದಳು. ಹೋಗುವಾಗ ನನ್ನ ಹತ್ತಿರ ನಿಂತು, ‘ನೀವು ಕಡಲು ನೋಡಿದ್ದೀರಾ?’

‘ಭಾಳ ಸಲ.’

ಸುಳ್ಳೇನಲ್ಲ. ಹತ್ತೊಂಬತ್ತು ಸಲ.

ಜುಲೈ 9, ಬುಧವಾರ

ಮರೆಮ್ಮ ಊಟದ ಹೊತ್ತಿಗೆ ಬಂದು ಪಕ್ಕಕ್ಕೆ ಕೂತಳು. ‘ಅಣ್ಣ, ಆ ಹೆಣಮಗಳು ಕೇಳಿದ್ದು ಆ ಗುಬುಟೇ ಇರಬೇಕು ನೋಡು.’

‘ಯಾವ ಗುಬುಟು?’

‘ಹದಿನೇಳರಾಗಿಂದು. ಹದಿನೆಂಟರಾಗಿಂದು.’

‘ಸುಮ್ಮ ಕೂಡು. ಸಿಮೆಂಟು ಎಳೆದಾಕಿ ಯಾರು, ನೀನೋ ನಾನೋ? ನಿನ್ನ ಮ್ಯಾಲೇ ಬರ್ತದ.’

ಎದ್ದು ಹೋಗಿ ಹೆಂಚು ಕೆರೆಯತೊಡಗಿದಳು. ಆ ತಗಡಿನ ಚೂರಿನಿಂದ. ಕರಕರ ಸದ್ದು. ಅದನ್ನು ನಿಲ್ಲಿಸು ಅಂತ ಹೇಳಲಿಕ್ಕೂ ಆಗಲಿಲ್ಲ.

ಜುಲೈ 10, ಗುರುವಾರ

ದಾಖಲೆಗೆ ಬರೆದಿಡುತ್ತೇನೆ, ತಣ್ಣಗೆ, ಒಂದೊಂದಾಗಿ.

ಒಂದು ಕಲ್ಲಿಗೆ ಊರು ಮುಳುಗುತ್ತದೆಯೇ? ಇವರ ಪರದೇಶದ ಲೆಕ್ಕ, ಇವರ ಉಪಗ್ರಹ, ಇವರ ಎರಡು ಡಿಗ್ರಿ, ಎಲ್ಲ ಸೇರಿ ಹಿಡಿಯಲಾಗದ್ದನ್ನು ಮೀನು ಮಾರುವವಳೊಬ್ಬಳು ಎರಡು ನಿಮಿಷ ನೋಡಿ ಹಿಡಿದಳಂತೆ. ಹಿಡಿದಿದ್ದರೆ ಇವರೆಲ್ಲ ಕೆಲಸ ಬಿಟ್ಟು ಅವಳ ಬುಟ್ಟಿ ಹೊರಲಿ.

ಇನ್ನು ಆ ಊರು. ನನಗೇನು ಆ ಊರು? ಕೃಷ್ಣೆಗೆ ಹೊಳಿ ಬಂದು ನಮ್ಮ ಕೇರಿ ಮೂರು ಸಲ ತೊಳೆದು ಹೋಯಿತು. ಯಾರು ನಮ್ಮ ಕೇರಿಯನ್ನು ಬೆಂಕಿಪೊಟ್ಟಣದಲ್ಲಿ ಕಟ್ಟಿ ನೀರು ಬಿಟ್ಟು ನೋಡಿದರು? ಗಂಜಿ ಕೇಂದ್ರ ತೆರೆದರು, ಅದರಲ್ಲೂ ನಮಗೆ ಬೇರೆ ಸಾಲು. ಕುರ್ಚಿಗೆ ಪೇಪರು ಹಾಸುವವರ ಊರಿಗೆ ನಾನು ಯಾಕೆ ಕಾವಲು ಕೂಡಬೇಕು?

ಮತ್ತು ಈಗ ಬಾಯಿಬಿಟ್ಟರೆ ಹೋಗುವುದು ಯಾರ ಕೆಲಸ? ಮರೆಮ್ಮನದು. ಗಂಡ ಸತ್ತವಳು, ಇಲ್ಲಿಂದ ಹೊರಬಿದ್ದರೆ ಮತ್ತೆ ಇಟ್ಟಿಗೆ ಭಟ್ಟಿ. ದೊಡ್ಡವರ ಊರು ಉಳಿಸಲು ನಮ್ಮವಳೊಬ್ಬಳನ್ನು ಬಲಿ ಕೊಡು ಅಂತ ಯಾವ ಸಿದ್ಧಾಂತ ಹೇಳುತ್ತದೆ? ನಮ್ಮದಂತೂ ಹೇಳುವುದಿಲ್ಲ.

ತಪ್ಪು ಮರೆಮ್ಮನದು, ಒಪ್ಪುತ್ತೇನೆ. ನನ್ನ ಕಣ್ತಪ್ಪಿಸಿ, ಚಂದ ಕಾಣಲಿ ಅಂತ ಆ ಗುಬುಟು ಒರೆಸಿಬಿಟ್ಟಳು. ಬಡವರ ತಪ್ಪು. ಕಾಪಾಡುವುದು ನನ್ನ ಕರ್ತವ್ಯ. ಆದ್ದರಿಂದ ಸುಮ್ಮನಿರುತ್ತೇನೆ.

ಓದಿ ನೋಡಿದೆ. ಗಟ್ಟಿ ಬರೆದಿದ್ದೇನೆ. ಕೈ ಇನ್ನೂ ಸೋತಿಲ್ಲ.

ಜುಲೈ 11, ಶುಕ್ರವಾರ

ಪ್ರಾಚಿ ರಿಪೋರ್ಟಿನ ಹಾಳೆ ತೋರಿಸಿದಳು. ಫೋಟೊದಲ್ಲಿ ಲೀಲಾಕ್ಷಿ ಬಗ್ಗಿ ಮನೆಯೊಳಗೆ ನೋಡುತ್ತಿದ್ದಾಳೆ. ಕೆಳಗೆ ಬರೆದಿದೆ: ಸ್ಥಳೀಯರು ಮಾದರಿಯನ್ನು ಪರಿಶೀಲಿಸಿ ಒಪ್ಪಿರುತ್ತಾರೆ. ಬಾಗಿಲು ಪೂರ್ವಕ್ಕೆ ತಿರುಗಿಸಲು ಕೋರಿರುತ್ತಾರೆ.

ಥೂ.

ಜುಲೈ 13, ಭಾನುವಾರ

ಮರೆಮ್ಮ ತಪ್ಪು ಮಾಡಿದ್ದು ಯಾವ ತಾರೀಖು ಅಂತ ಹಾಕೋಣ ಅಂತ ಹಿಂದಿನ ಹಾಳೆ ತಿರುವಿದೆ.

ಜೂನ್ ಹನ್ನೆರಡು. ‘ಕತ್ತರಿ ತಗೊಂಡು ಎರಡೂ ಗುಬುಟು ನಾನೇ ಹಾರಿಸಿದೆ.’ ನನ್ನದೇ ಅಕ್ಷರ. ‘ನಾನೇ’ ಅನ್ನುವುದನ್ನು ಒತ್ತಿ ಬರೆದಿದ್ದೇನೆ, ಆ ಕಡೆ ಹಾಳೆಗೂ ಮೂಡಿದೆ.

ಮರೆಮ್ಮನಿಗೆ ಓದು ಬರುವುದಿಲ್ಲ. ಈ ವಹಿ ಓದುವವನು ನಾನೊಬ್ಬನೇ. ಹಾಳೆಯ ಬುಡಕ್ಕೆ ಬೆರಳು ಹಾಕಿದೆ.

ತೊಂಬತ್ತೆಂಟರಲ್ಲಿ ನಮ್ಮೂರ ದಫ್ತರದಿಂದ ಒಂದು ಹಾಳೆ ಹರಿದು ಹೋಗಿತ್ತು. ನಮ್ಮ ಕೇರಿಯ ಜಾಗ ಬರೆದಿದ್ದ ಹಾಳೆ, ಅದೊಂದೇ. ಹನ್ನೊಂದು ದಿನ ತಹಸೀಲ್ದಾರನ ಬಾಗಿಲಲ್ಲಿ ಕೂತೆವು. ಘೋಷಣೆ ಕಟ್ಟಿದ್ದು ನಾನು. ಎರಡೇ ಮಾತು: ಹಾಳೆ ಎಲ್ಲಿ? ನೂರಾರು ಮಂದಿ ಕೂಗಿದರು, ಹಾಳೆ ಎಲ್ಲಿ, ಹಾಳೆ ಎಲ್ಲಿ. ಒಳಗೆ ಕೂತ ಗುಮಾಸ್ತ ಕಿಟಕಿ ಮುಚ್ಚಿಕೊಂಡ. ಅವನ ಮುಖ ಜನ್ಮದಲ್ಲಿ ಮರೆಯುವುದಿಲ್ಲ ಅಂದುಕೊಂಡಿದ್ದೆ. ಇವತ್ತು ಎಷ್ಟು ನೆನೆದರೂ ನೆನಪಾಗಲೊಲ್ಲದು. ಕನ್ನಡಿಯಲ್ಲಿ ನೋಡಿಕೊಳ್ಳಬೇಕೇನೋ.

ಪಾದೆ ಎಲ್ಲುಂಟು?

ಬೆರಳು ತೆಗೆದೆ.

ಜುಲೈ 14, ಸೋಮವಾರ

ಮುಂಜಾನೆಯೇ ಮರೆಮ್ಮನ ಹತ್ತಿರ ತಗಡಿನ ಚೂರು ಕೇಳಿದೆ. ಹೆಂಚಿನ ಮಸಿ ಹತ್ತಿ ಕಪ್ಪಾಗಿತ್ತು. ಯಾಕೆ ಅಂತ ಕೇಳಲಿಲ್ಲ. ತಿಕ್ಕಿ ತೊಳೆದು ಕೊಟ್ಟಳು. ‘ಇನ್ನೊಂದು ಅಲ್ಲೇ ಮರಳಿನಾಗ ಬಿದ್ದದ. ನಾ ನೋಡೀನಿ.’ ಅಂದರೆ ಅದನ್ನೂ ಹುಡುಕಿ ನೋಡಿಟ್ಟಿದ್ದಳು. ಎಷ್ಟು ದಿನದಿಂದ ನನ್ನ ದಾರಿ ಕಾಯುತ್ತಿದ್ದಳೋ. ಪ್ರಶ್ನೆ ಕೇಳದವಳು ಅಂತ ಬರೆದಿದ್ದೆ ನಾನು. ಕೇಳಿದ್ದಳು, ಒಂಬತ್ತನೇ ತಾರೀಖು, ಊಟದ ಹೊತ್ತಿಗೆ. ಬಾಯಿ ಮುಚ್ಚಿಸಿದ್ದು ಯಾವ ಗೌಡನೂ ಅಲ್ಲ.

ವಿಮಾನ ನಗರಕ್ಕೆ ಎರಡು ಬಸ್ಸು. ಆಫೀಸಿನ ಗಾಜಿನ ಬಾಗಿಲಲ್ಲಿ ಕಾವಲಿನವನು ತಡೆದ. ಕೈಯಲ್ಲಿ ತಗಡು, ಕಂಕುಳಲ್ಲಿ ವಹಿ, ನಾನಾದರೂ ತಡೆಯುತ್ತಿದ್ದೆ. ಪ್ರಾಚಿ ಕೆಳಗೆ ಬಂದಳು.

‘ಪಾದೆ ಇದೆ,’ ಅಂದೆ. ‘ಆ ಹೆಣ್ಣುಮಗಳು ಹೇಳಿದ್ದನ್ನು ನಿಮಗೆ ಅರ್ಧ ಹೇಳಿದ್ದೆ. ಈಗ ಪೂರಾ ಹೇಳುತ್ತೇನೆ.’ ತೆರೆ ಎರಡಾಗುವುದು, ಅಂಗಳದಲ್ಲಿ ಒಂದಾಗುವುದು, ಶಾಲೆ ಮಕ್ಕಳ ಲೈನು, ಎಲ್ಲ ಹೇಳಿದೆ. ಆಮೇಲೆ ವಹಿ ತೆಗೆದೆ. ಆಕೆಗೆ ಕನ್ನಡ ಬಾರದು. ನಾನೇ ಓದಿ ಮರಾಠಿ ಮಾಡುತ್ತ ಹೋದೆ. ಲಿಫ್ಟಿನ ಎದುರಿಗೆ, ಹೋಗುವವರು ಬರುವವರು ನೋಡುತ್ತಿರಲು. ಇಂಜಿನಿಯರು ಮೊಬೈಲ್ ನೋಡುತ್ತಿದ್ದ ಅನ್ನುವ ಸಾಲನ್ನೂ ಓದಿದೆ. ಬೀದಿಯಲ್ಲಿ ನಿಂತು ಎಷ್ಟೋ ಓದಿದ್ದೇನೆ, ನನ್ನ ಮೇಲಿನ ಆರೋಪ ನಾನೇ ಓದಿದ್ದು ಇದೇ ಮೊದಲು.

‘ಪರತ್ ವಾಚಾ, ಕಾಕಾ.’ ಮತ್ತೆ ಓದಿ ಅಂದಳು. ಓದಿದೆ.

‘ಮರೆಮ್ಮನ ಕೈ ಇದರಲ್ಲಿ ಇಲ್ಲ. ಹೇಳಿದ್ದು ಮಾಡಿದಳು. ಅದನ್ನು ಮೊದಲು ಬರೆದುಕೊಳ್ಳಿ.’

ಬರೆದುಕೊಂಡಳು. ‘ಹದಿನಾರರ ಮುಂದೆ ನಾನು ನೋಡಲಿಲ್ಲ. ಅದನ್ನೂ ಬರೀಬೇಕಲ್ಲ.’ ಅದನ್ನೂ ಬರೆದಳು.

ಇಷ್ಟು ದಿನ ಆ ಹುಡುಗಿಯನ್ನು ಬೆಕ್ಕು ಅಂತ ಬರೆದೆ. ಈಗಲೂ ಬೆಕ್ಕಿನಂತೆಯೇ ಕಾಲಿಡುತ್ತಾಳೆ, ಅದು ಬೇರೆ ಮಾತು.

ಹಾಳೆ ಕೇಳಿದಳು. ಹರಿದು ಕೊಟ್ಟೆ. ಝೆರಾಕ್ಸು ಮಾಡಿಸಿ ನನಗೊಂದು ಕೊಟ್ಟಳು, ಅದನ್ನು ಅದರ ಜಾಗದಲ್ಲಿ ಅಂಟಿಸಿದ್ದೇನೆ.

ಜುಲೈ 16, ಬುಧವಾರ

ರಿಪೋರ್ಟು ನಿಂತಿತು. ಮಾಡೆಲ್ ಒಡೆಯಲಿಲ್ಲ. ದೊಡ್ಡವರು ಯಾರೂ ಶೆಡ್ಡಿಗೆ ಬಂದಿಲ್ಲ, ಚಪ್ಪಾಳೆ ತಟ್ಟುವಾಗ ಬಂದವರು.

ಮಹೇಶಕುಮಾರ ಬಂದ. ‘ಪಾಸಾಗಿದ್ದನ್ನ ಫೇಲ್ ಮಾಡ್ಸಿದೆಲ್ಲಪ್ಪ. ನಿನ್ನಂಥವನ್ನ ಇಟಗೊಂಡಿದ್ದೇ ನಂದು ತಪ್ಪು. ನಿಂಗೇನು ಪ್ರಶಸ್ತಿ ಕೊಡ್ತಾರೇನು ಅವರು?’

‘ಚಿಕ್ಕಿ ಕೊಡ್ತಾರ,’ ಅಂದೆ.

ಈ ಕಡಲು ಮುಗಿದ ಮೇಲೆ ನಾನು ಬರುವುದು ಬೇಡವಂತೆ. ಮರೆಮ್ಮ ಇರಬಹುದು. ಅದನ್ನು ಎರಡು ಸಲ ಹೇಳಿಸಿಕೊಂಡೆ, ಪ್ರಾಚಿಯ ಎದುರಿಗೆ.

ಜುಲೈ 19, ಶನಿವಾರ

ಪಾದೆ ಕಟ್ಟಿದೆವು. ಸಿಮೆಂಟು ಒಡೆದು, ಕತ್ತರಿಸಿದ ಚೂರುಗಳನ್ನು ತಗಡಿಗೆ ಬೆಸೆದೆ. ಕೂದಲೆಳೆಯಷ್ಟು ಸಂದೂ ಇಲ್ಲದೆ ಕೂತವು. ಆ ಕತ್ತರಿಸುವವನು ಎಲ್ಲಿದ್ದಾನೋ, ಅವನ ಕೆಲಸ ಪಕ್ಕಾ ಇತ್ತು.

ಎರಡು ತಗಡಿನ ನಡುವೆ ಕಲ್ಲು ಹೇಗಿದೆ ಅಂತ ತಗಡಿಗೆ ಗೊತ್ತಿಲ್ಲ. ನಾನೇ ಪ್ರಾಚಿಗೆ ಹೇಳಿದೆ, ಆ ಹೆಣ್ಣುಮಗಳನ್ನೇ ಕೇಳೋಣ. ದೇವದಾಸ್ ತನ್ನ ಫೋನು ಹಿಡಿದುಕೊಂಡು ಬಂದ. ಹೋಟೆಲು ಬಿಟ್ಟು, ಊಟದ ಹೊತ್ತಿನಲ್ಲಿ. ಪರದೆಯಲ್ಲಿ ಲೀಲಾಕ್ಷಿ, ಹಿಂದೆ ಗಾಳಿಗೆ ಬಡಿಯುವ ತಾಡಪತ್ರಿ.

‘ತಲೆ ಚಪ್ಪಟೆ ಮಾಡ್ಬೇಡಿ. ಬಡಗಣ ಬದಿ ಕಡಿದ ಹಾಗುಂಟು. ಹಾಂ. ತೆಂಕು ಬದಿ ಎಮ್ಮೆ ಮಲಗಿದ ಹಾಗೆ.’

ಎಮ್ಮೆ ಅಂದದ್ದೇ ಮರೆಮ್ಮ ನನ್ನ ಕೈಯಿಂದ ಥಾಪಿ ಕಸಿದುಕೊಂಡಳು. ‘ಸರಿ ನೀನು. ಎಮ್ಮಿ ನಂಗ ಗೊತ್ತದ.’ ಎರಡೇ ಕೈ ಹಾಕಿದಳು, ಎಮ್ಮೆ ಮಲಗಿತು. ಒರಟಾಗಿ, ನುಣ್ಣಗೆ ಮಾಡದೆ ಬಿಡು ಅಂತ ಹೇಳುವ ಮೊದಲೇ ಬಿಟ್ಟಳು.

‘ಅಷ್ಟು ಸಲ ಕಡಲು ನೋಡಿದವರಿಗೆ ನಾನು ಹೇಳಿಕೊಡುವ ಹಾಗಾಯ್ತಲ್ಲ,’ ಅಂದಳು ಲೀಲಾಕ್ಷಿ.

‘ನೋಡಿಲ್ಲ,’ ಅಂದೆ. ‘ಒಂದು ಸಲನೂ ಇಲ್ಲ.’

‘ಗೊತ್ತಿತ್ತು. ನೋಡಿದವರು ನೀರಿಗೆ ಇಳಿಯುವಾಗ ಮೊದಲು ದೂರಕ್ಕೆ ನೋಡ್ತಾರೆ. ನೀವು ನಿಮ್ಮ ಕಾಲು ನೋಡಿಕೊಂಡು ಇಳಿದ್ರಿ.’

ದೇವದಾಸ್ ಸಿಮೆಂಟು ಚೀಲದ ಮೇಲೆ ಕೂತಿದ್ದ. ಎದ್ದಾಗ ಕರಿ ಪ್ಯಾಂಟು ಹಿಂದೆ ಬೆಳ್ಳಗಾಗಿತ್ತು. ಝಾಡಿಸಿಕೊಳ್ಳಿ ಅಂತ ಹೇಳೋಣ ಅಂದುಕೊಂಡೆ. ಹೇಳಲಿಲ್ಲ. ಅಷ್ಟೊಂದು ಒಳ್ಳೆಯವನಾಗುವ ಅಗತ್ಯ ನನಗಿಲ್ಲ.

ಜುಲೈ 22, ಮಂಗಳವಾರ

ಒಂದು ಬೆರಳು ನೀರು ಏರಿಸಿ ಅಲೆ ಬಿಟ್ಟೆವು. ಶೆಡ್ಡಿನಲ್ಲಿ ನಾನು, ಮರೆಮ್ಮ, ಪ್ರಾಚಿ, ಫೋನು ಹಿಡಿದ ದೇವದಾಸ್. ದೊಡ್ಡವರ ಕುರ್ಚಿ ಖಾಲಿ.

ತೆರೆ ಸಾಲಾಗಿ ಬಂತು. ಪಾದೆಯ ಮೇಲೆ ಬಂದಾಗ ನೀರಿನ ಬೆನ್ನು ತುಸು ಉಬ್ಬಿತು, ಅಷ್ಟೇ. ಆಮೇಲೆ ಎರಡೂ ಬದಿಯಿಂದ ಒಳಕ್ಕೆ ಬಾಗಿತು, ಇಬ್ಬರು ಒಬ್ಬರನ್ನೊಬ್ಬರು ಕಂಡು ತಿರುಗಿದಂತೆ. ಐಸ್ ಪ್ಲಾಂಟಿನ ಪಕ್ಕ ಕೂಡಿಕೊಂಡಿತು. ಗಿಡ್ಡ ಕಲ್ಲಿನ ದಿಬ್ಬ ಇತ್ತು ಅನ್ನುವುದೂ ಅದಕ್ಕೆ ತಿಳಿಯಲಿಲ್ಲ. ಮೊದಲನೆಯದು ಮುಂದಿನ ಸಾಲನ್ನು ತೊಯ್ಸಿತು. ನಾಲ್ಕನೆಯದು ಮೂರನೇ ಮನೆಯನ್ನು, ಲೀಲಾಕ್ಷಿಯದನ್ನು, ಎತ್ತಿ, ಅಡ್ಡ ಕೆಡವಿ, ಹಿಂದಿನ ಸಾಲಿನ ತನಕ ಒಯ್ಯಿತು. ಹನ್ನೊಂದು ಮನೆ ಹೋದವು. ಹತ್ತೊಂಬತ್ತು ಕಡಲು ಕಟ್ಟಿದವನು ನಾನು, ನನ್ನ ಕೆಲಸಕ್ಕೆ ಮೊದಲ ಸಲ ಹೆದರಿದೆ.

ಮಷೀನು ನಿಲ್ಲಿಸಿದರೂ ನೀರು ತುಸು ಹೊತ್ತು ತೂಗುತ್ತಿತ್ತು. ನಾನು ಇಳಿದು ಮೂರನೇ ಮನೆ ಎತ್ತಿಕೊಂಡೆ. ಒಳಗಿದ್ದ ನೀರು ಬಾಗಿಲಿನಿಂದ ಸುರಿಯಿತು. ಅಂಗಿಯ ತುದಿಯಿಂದ ಒರೆಸಿದೆ. ಯಾಕೆ ಒರೆಸಿದೆನೋ, ಮತ್ತೆ ತೊಯ್ಸಲಿಕ್ಕೇ ಇರುವ ಕಟ್ಟಿಗೆ.

ದೇವದಾಸ್ ‘ಅಕ್ಕ?’ ಅಂದ.

‘ಹಾಂ,’ ಅಂದಳು ಆಕೆ. ‘ಈಗ ಇದು ನಮ್ಮ ಕಡಲು.’

ಆಮೇಲೆ ಹೇಳತೊಡಗಿದಳು. ‘ನಾವು ಹಿಂದೆ ಹೋಗುದಿಲ್ಲ ಅಂತ ಹೇಳಿ ಆ ಹುಡುಗಿಗೆ. ಹಿಂದೆ ಹೋದ್ರೆ ಮೀನು ಒಣಗಿಸುದು ಎಲ್ಲಿ? ಆದ್ರೆ ನೆಲದ ಮೇಲೆ ಮನೆ ಬೇಡ. ಕಂಬ ಕೊಡಿ, ಎತ್ತರಕ್ಕೆ. ನೀರು ಅಡಿಯಿಂದ ಬಂದು ಅಡಿಯಿಂದ ಹೋಗ್ಲಿ, ನಾವು ಮೇಲೆ ಕೂತು ನೋಡ್ತೇವೆ. ಕಂಬದ ಮೇಲೆ ನಿಂತ್ರೂ ಬೀಳ್ತದೋ ಅಂತ ಈ ಮಿಸ್ತ್ರಿ ಹೇಳ್ಲಿ. ಮತ್ತೆ, ಈ ಸಲ ಫೋಟೊಕ್ಕೆ ನಾನು ನಿಲ್ಲುದು ಅದು ನೋಡಿದ ಮೇಲೆಯೇ.’

ಪ್ರಾಚಿ ನನ್ನ ಕಡೆ ತಿರುಗಿದಳು. ಕೈಯಲ್ಲಿ ಪೆನ್ನು, ಪಾದ ನೀರಿನೊಳಗೆ, ಚಪ್ಪಲಿ ಸಮೇತ.

‘ಕಾಯ್ ಮ್ಹಣಾಲ್ಯಾ ತ್ಯಾ?’ ಏನಂದರು ಅವರು ಅಂತ.

ಒಂದು ಮಾತೂ ಬಿಡದೆ ಹೇಳಿದೆ.